ಮೊಮ್ಮಗಳ ಡಿಗ್ರಿ ಮುಗಿಯಿತು, ನನ್ನ ಮಾನ ಹೋಯಿತು

ಡಿಗ್ರಿ ಮುಗಿಸಿದ ಮಕ್ಕಳನ್ನು ಕೂರಿಸಿಕೊಂಡು, ಮುಂದೆ ಯಾವ ಕೆಲಸಕ್ಕೆ ಹೋದರೆ ಒಳ್ಳೆಯದು ಅಂತ ದಾರಿ ಹೇಳುತ್ತಾರಲ್ಲ, ಅದಕ್ಕೊಂದು ಇಂಗ್ಲಿಷ್ ಹೆಸರಿದೆ. ಕೌನ್ಸಿ... ಕೌನ್ಸಿಲ್ಲೋ ಏನೋ. ನಾಲಿಗೆಯ ತುದಿಗೆ ಬಂದು ನಿಂತಿದೆ, ಈಚೆಗೆ ಬರುತ್ತಿಲ್ಲ. ಹೋಗಲಿ. ನಮ್ಮ ಅರಕೆರೆಯಲ್ಲಿ ಅದಕ್ಕೆ ಹೆಸರೂ ಬೇಡ, ಆಫೀಸೂ ಬೇಡ. ಮನೆಯಲ್ಲೊಬ್ಬರು ಡಿಗ್ರಿ ಮುಗಿಸಿದರೆ ಸಾಕು, ಎದುರು ಸಿಕ್ಕವರೆಲ್ಲ ಅದೇ ಕೆಲಸ ಮಾಡುತ್ತಾರೆ. ನಡುವೆ ಬಾಯಿ ಹಾಕಿ ಮಾನ ಕಳೆದುಕೊಳ್ಳುವುದು ಮಾತ್ರ ನನ್ನ ಪಾಲಿಗೆ ಬರುತ್ತಲೇ ಇರುತ್ತದೆ.

ನಾನು ಹುಟ್ಟಿದ್ದು ದೂರದ ಚಿಂತಾಮಣಿ ಕಡೆ. ಮದುವೆಯಾಗಿ ಈ ನಾಲೆ ಸೀಮೆಗೆ ಬಂದು ತಲೆಯೆಲ್ಲ ಬೆಳ್ಳಗಾದರೂ ಇಲ್ಲಿಯವರಿಗೆ ನಾನಿನ್ನೂ ‘ಕೋಲಾರದ ಕಡೆಯೋಳು’. ಮೊಮ್ಮಗಳು ಬಿಎಸ್ಸಿ ಮುಗಿಸಿದ ದಿನವೇ ನನ್ನ ಮಗ ಅವಳಿಗೆ ಹೇಳಿಬಿಟ್ಟ: “ದೀಪಾವಳಿ ಒಳಗೆ ಒಂದು ಕೆಲ್ಸ ಹಿಡಿ. ಇಲ್ಲಾಂದ್ರೆ ಗಂಡು ನೋಡ್ತೀನಿ.” ಅವಳಿಗೆ ಈಗಲೇ ಮದುವೆ ಬೇಡ. ನನಗೂ ಬೇಡ. ಆದ್ದರಿಂದ ಸಹಾಯ ಮಾಡಲು ಹೊರಟೆ. ಅಲ್ಲಿಂದ ಶುರುವಾಯಿತು.

ಬಸ್ಸಿನಲ್ಲಿ

ಶ್ರೀರಂಗಪಟ್ಟಣದಿಂದ ಮೊಮ್ಮಗಳ ಜೊತೆ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಕಿರಂಗೂರಿನ ಹೆಂಗಸು ವಿಷಯವೆಲ್ಲ ವಿಚಾರಿಸಿ, “ಕಂಡಕ್ಟರ್ ಕೆಲ್ಸಕ್ಕೆ ಅರ್ಜಿ ಆಕ್ಸಿ ಕಣವ್ವ, ಸರ್ಕಾರಿ ಕೆಲ್ಸ” ಎಂದಳು.

“ಅಯ್ಯೋ, ಇಷ್ಟು ಓದಿ ಬಸ್ಸಲ್ಲಿ ಟಿಕೆಟ್ ಕೊಡೋಕೆ ಹೋಗ್ತಾಳಾ?” ಎಂದೆ, ಸ್ವಲ್ಪ ಜೋರಾಗಿಯೇ. ತಲೆ ಎತ್ತಿದರೆ ಕಂಡಕ್ಟರ್ ಹುಡುಗಿ ಪಕ್ಕದಲ್ಲೇ ನಿಂತಿದ್ದಾಳೆ.

“ನಾನು ಎಂಎಸ್ಸಿ ಕಣಜ್ಜಿ,” ಎಂದಳು ತಣ್ಣಗೆ. “ಆಧಾರ್ ಕಾರ್ಡು ತೋರ್ಸಿ.”

ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಕಾರ್ಡು ಬೇಕು. ನನ್ನ ಕಾರ್ಡು ಮನೆಯಲ್ಲಿತ್ತು. “ದಿನಾ ನೋಡ್ತೀಯಲ್ಲ ಮಗಾ, ಬುಡು” ಎಂದೆ.

“ಅಂಗೆಲ್ಲ ಬುಡಕ್ಕಾಯ್ತದಾ? ಇಷ್ಟು ಓದ್ಬುಟ್ಟು ರೂಲ್ಸು ಮುರಿಯನಾ ಅಜ್ಜಿ?”

ಇಡೀ ಬಸ್ಸು ನಕ್ಕಿತು. ಕಾಪಾಡು ಅಂತ ಮೊಮ್ಮಗಳ ಕಡೆ ತಿರುಗಿದೆ. ಅವಳು ತನ್ನ ಕಾರ್ಡು ತೋರಿಸಿ, “ನಂದೊಂದು ಕೊಡಿ ಮೇಡಂ. ಈ ಅಜ್ಜಿ ಯಾರೋ ನಂಗೊತ್ತಿಲ್ಲ” ಎಂದಳು.

ಮಿಕ್ಸಿ

ಕೆ.ಆರ್. ಪೇಟೆ ಹತ್ತಿರದ ಸಿಂಧಘಟ್ಟದಲ್ಲಿ ನನ್ನ ನಾದಿನಿ ಇದ್ದಾಳೆ. “ಬಿಎಸ್ಸಿ ಓದಿ ಏನ್ ಬಂತು?” ಅಂತ ಫೋನಿನಲ್ಲಿ ಚುಚ್ಚಿದಳು. ನನಗೆ ತಡೆಯಲಾಗಲಿಲ್ಲ. “ಸೈನ್ಸ್ ಕಣಮ್ಮಿ! ಏನು ಕೆಟ್ರೂ ಸರಿ ಮಾಡ್ತಾಳೆ” ಎಂದೆ.

ಮಾರನೆಯ ದಿನ ಮತ್ತೆ ಫೋನು: “ನನ್ ಮಿಕ್ಸಿ ಬಸ್ಸಿಗೆ ಆಕಿವ್ನಿ, ಇಳಿಸ್ಕೊ.”

ಮೊಮ್ಮಗಳು ಮಿಕ್ಸಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು, ಎದ್ದು ಹೋದಳು. ನಾನು ಗುಟ್ಟಾಗಿ ಅಂಗಡಿಗೆ ಕೊಟ್ಟು ರಿಪೇರಿ ಮಾಡಿಸಿ, ಅವಳೇ ಮಾಡಿದ್ದು ಅಂತ ವಾಪಸ್ ಬಸ್ಸಿಗೆ ಹಾಕಿದೆ.

ಮುಂದಿನ ವಾರ ಮೂರು ಮಿಕ್ಸಿ ಬಂದವು.

ಹುಡುಗಿ ಒಪ್ಪಿಗೆಯೇ?

ನಾಗಮಂಗಲದ ಒಂದು ಶಾಲೆಗೆ ವಿಜ್ಞಾನ ಹೇಳಿಕೊಡುವವರು ಬೇಕಾಗಿದ್ದರು. ಇಂಟರ್‌ವ್ಯೂಗೆ ಹುಡುಗಿಯೊಬ್ಬಳನ್ನೇ ಹೇಗೆ ಕಳಿಸುವುದು ಅಂತ ನಾನೂ ಹೊರಟೆ. ಬರಿಗೈಯಲ್ಲಿ ಹೋಗುವ ಅಭ್ಯಾಸ ನಮಗಿಲ್ಲ. ಒಂದು ಚಿಪ್ಪು ಬಾಳೆಹಣ್ಣು, ಪಾಂಡವಪುರದ ಆಲೆಮನೆಯಿಂದ ತರಿಸಿದ್ದ ಎರಡು ಅಚ್ಚು ಬೆಲ್ಲ ತೆಗೆದುಕೊಂಡು, ಅವಳು ಬೇಡ ಬೇಡ ಅಂದರೂ ಒಳಗೇ ನುಗ್ಗಿ, ಹೆಡ್‌ಮೇಡಂ ಮೇಜಿನ ಮೇಲಿಟ್ಟು ಕೂತೆ.

“ನಿನ್ನ ಬಗ್ಗೆ ಹೇಳಮ್ಮ,” ಎಂದರು ಹೆಡ್‌ಮೇಡಂ.

ಅವಳು ಬಾಯಿ ತೆರೆಯುವುದರೊಳಗೆ ನಾನು ಶುರು ಮಾಡಿದ್ದೆ. “ಅವಳಿಗೆ ನಾಚ್ಕೆ, ನಾನೇ ಹೇಳ್ತೀನಿ. ಮುದ್ದೆ ಕಟ್ಟೋದು ಬತ್ತದೆ. ರಂಗೋಲಿ ಬತ್ತದೆ. ಯಾರಿಗೂ ಎದುರು ಮಾತಾಡೋಳಲ್ಲ.”

“ಎದುರು ಮಾತಾಡದೆ ಒಂಬತ್ತನೇ ಕ್ಲಾಸಿಗೆ ಪಾಠ ಹೇಗೆ ಮಾಡ್ತಾರಜ್ಜಿ?”

ಏಳುವಾಗ ಬಾಯಿಗೆ ಬಂದದ್ದು ಒಂದೇ ಮಾತು: “ನಮ್ ಹುಡುಗಿ ಒಪ್ಪಿಗೆ ತಾನೆ?”

ಸಂಜೆ ಫೋನು ಬಂತು. ಮೊಮ್ಮಗಳು ಕೇಳಿಸಿಕೊಂಡು ಇಟ್ಟಳು. “ಏನಂತೆ?” ಎಂದೆ.

“ಹುಡುಗಿ ಬೇಡವಂತೆ. ಬೆಲ್ಲ ಯಾವ ಆಲೆಮನೇದು ಅಂತ ಕೇಳಿದ್ರು.”

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅವತ್ತು ನನಗೂ ಊಟ ಸೇರಲಿಲ್ಲ.

ದೃಷ್ಟಿ

ದೀಪಾವಳಿ ಹತ್ತಿರ ಬಂತು. ಮಗ ಆಗಲೇ ಜಾತಕ ಹುಡುಕುತ್ತಿದ್ದ. ಅಷ್ಟರಲ್ಲಿ ನಮ್ಮೂರ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವವನು ಕೆಲಸ ಬಿಟ್ಟ. ಮೊಮ್ಮಗಳು ನನಗೆ ಸುಳಿವೂ ಕೊಡದೆ ತಾನೇ ಹೋಗಿ ಕೇಳಿದಳು. ಸೆಕ್ರೆಟರಿ, “ಒಂದ್ ವಾರ ನೋಡಾನ ಕಣವ್ವ. ನೆಂಟ್ರು ಅಂತ ಮುಖ ನೋಡುದ್ರೆ ಮಾತ್ರ ಅವತ್ತೇ ಮನೆಗೆ” ಎಂದಿದ್ದರು.

ನನ್ನದೊಂದು ಪದ್ಧತಿ ಇದೆ. ಹಾಲು ಹೊಸಿಲು ದಾಟುವ ಮುಂಚೆ ನಾಲ್ಕು ಹನಿ ನೀರು ಬಿಡಬೇಕು, ಇಲ್ಲದಿದ್ದರೆ ಹಸುವಿಗೆ ದೃಷ್ಟಿಯಾಗುತ್ತದೆ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು. ಕಣ್ಣು ಮಂಜಾದ ಮೇಲೆ ಹನಿ ಕಾಣುವುದಿಲ್ಲ, ಹಾಗಾಗಿ ಚೊಂಬಿನಿಂದಲೇ ಬಿಡುತ್ತಿದ್ದೆ. ಡೈರಿಯ ಹಳೆಯ ಹುಡುಗ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದ.

ಅವಳು ಕೆಲಸಕ್ಕೆ ಕೂತ ಮೊದಲ ಬೆಳಿಗ್ಗೆ ಹಾಲು ಹಾಕಲು ಹೋದೆ, ನನ್ನ ಸರದಿ ಬಂತು. ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಅವಳು ಹಾಲನ್ನು ಮೆಷಿನ್ನಿಗಿಟ್ಟಳು. ನೋಡಿದಳು. ಇನ್ನೊಂದು ಸಲ ಇಟ್ಟಳು. ಕಿವಿಯವರೆಗೂ ಕೆಂಪಾದಳು.

“ಅಜ್ಜಿ, ನೀರದೆ.”

“ದೃಷ್ಟಿಗೆ ಕಣವ್ವ,” ಎಂದೆ ಪಿಸುಮಾತಲ್ಲಿ.

ಹಿಂದಿನಿಂದ ಒಬ್ಬ ಕೂಗಿದ: “ಕೋಲಾರದ ಕಡೆಯೋಳು ಕಣ್ಲಾ, ನಾಲೆ ನೀರು ಕಂಡ್ರೆ ಕೈ ತಡಿಯಕಿಲ್ಲ!” ಇನ್ನೊಬ್ಬ, “ಊರಿನ್ ಹಸುಗೊಳ್ಗೆಲ್ಲ ಸೇರ್ಸಿ ದೃಷ್ಟಿ ತೆಗ್ದವ್ಳೆ ಬುಡ್ಲಾ!” ಎಂದ.

ಮೊಮ್ಮಗಳು ಕ್ಯಾನನ್ನು ನನ್ನ ಕಡೆ ತಳ್ಳಿದಳು. “ಈ ಹಾಲು ತಗೊಳ್ಳೋಕಾಗಲ್ಲ. ಮುಂದಿನೋರು ಬನ್ನಿ.”

ಸೆರಗು ತಲೆಗೆಳೆದುಕೊಂಡು ಕ್ಯಾನು ಎತ್ತಿದೆ. ಆಗ ಒಂದು ವಿಚಿತ್ರ ನಡೆಯಿತು. ಮುಂದಿನವರು ಬರಲೇ ಇಲ್ಲ. ಅಷ್ಟು ಹೊತ್ತು ನಗುತ್ತಿದ್ದವರೇ, “ಗೇಟು ತೆಗ್ದುಟ್ಟು ಬಂದ್ಬುಟ್ಟೆ”, “ಒಲೆ ಮೇಲೆ ನೀರಿಟ್ಟಿದ್ದೆ” ಅಂತ ಒಬ್ಬೊಬ್ಬರಾಗಿ ಕ್ಯಾನು ಎತ್ತಿಕೊಂಡು ಮನೆ ಕಡೆ ನಡೆದರು. ಬೀದಿ ತುಂಬ ಹಾಲಿನ ಮೆರವಣಿಗೆ, ಮುಂದೆ ನಾನು.

ಸಂಜೆ ಸೆಕ್ರೆಟರಿ ಮನೆಗೇ ಬಂದು ನನ್ನ ಮಗನಿಗೆ ಹೇಳಿದರು: “ಸ್ವಂತ ಅಜ್ಜಿ ಹಾಲ್ನೇ ವಾಪಸ್ ಕಳಿಸ್ದೋಳು ಇನ್ಯಾರ ಮುಖ ನೋಡಾಳು? ಕೆಲ್ಸ ಅವಳ್ದೇ ಕಣಪ್ಪ.” ಮಗ ಜಾತಕದ ಮಾತು ಬಿಟ್ಟ. ಮೊಮ್ಮಗಳಿಗೆ ನಾನು ಮಾಡಿದ ಸಹಾಯ ಅದೊಂದೇ, ಅದೂ ಗೊತ್ತಿಲ್ಲದೆ.

ಮಿಕ್ಕಿದ್ದನ್ನೆಲ್ಲ ನಾನೇ ಬರೆದೆ. ಈ ಹಾಲಿನ ಕಥೆಯೊಂದನ್ನು ಬರೆಯಲು ಮಾತ್ರ ನಾಚಿಕೆಯಾಗಿ, ಪೆನ್ನು ಮೊಮ್ಮಗಳ ಕೈಗೆ ಕೊಟ್ಟು, “ನಾನು ಹೇಳ್ತೀನಿ, ನೀನು ಬರ್ಕೊ ಮಗಾ” ಎಂದೆ. ಎಲ್ಲ ಸರಾಗವಾಗಿ ಬರೆದವಳು ಒಂದು ಕಡೆ ಪೆನ್ನು ನಿಲ್ಲಿಸಿ ತಲೆ ಎತ್ತಿದಳು.

“ಎಷ್ಟು ನೀರು ಅಂತ ಬರೀಲಿ ಅಜ್ಜಿ?”

“ನಾಲ್ಕು ಹನಿ ಅಂತ್ಲೇ ಬರಿ.”