ಸೂಜಿ ಡಾಕ್ಟರನ ಗೋತ್ರ

“ಇಂಜೆಕ್ಷನ್ ಸೂಜ್ಯಾಗ ಔಷಧನರ ಇರ್ತೈತಿ! ಇವನ ಸೂಜ್ಯಾಗ ಏನೈತಿ, ಗಾಳಿ? ಖಾಲಿ ಸೂಜಿ ಚುಚ್ಚಿಸ್ಕೊಳ್ಳಾಕ ನಾ ಏನು ಹರಕ ಕೌದಿ ಏನ?”

“ಕೌದಿನರ ಹೊತ್ತುಕೊಳ್ಳಾಕ ಬರ್ತೈತಿ, ನೀವು ಅದಕ್ಕೂ ಬರಂಗಿಲ್ಲ!” ಮುರಿಗೆವ್ವ ರೊಟ್ಟಿಯನ್ನು ಗಂಡನ ಬೆನ್ನೆಂದೇ ತಿಳಿದು ಬಡಿದಳು. “ಮೂರು ದಿನ ಆತು ಕುತ್ತಿಗಿ ಸೊಟ್ಟ ಮಾಡ್ಕೊಂಡು. ದವಾಖಾನಿಗೆ ಕರ್ಕೊಂಡು ಹೋದ್ರ ಸಿರಿಂಜ್ ನೋಡಿ ಚಪ್ಪಲಿ ಬಿಟ್ಟು ಓಡಿ ಬಂದ್ರಿ. ಇವತ್ತ ಸೂಜಿ ಡಾಕ್ಟರ ಹಂತ್ಯಾಕ ಹೋಗದಿದ್ರ ನಾ ತವರಮನಿಗೆ ಹೊಂಟೆ, ನೋಡ್ರಿ ಮತ್ತ!”

ಮಾಳಮಡ್ಡಿಯ ಕಾಳಿನ ವ್ಯಾಪಾರಿ ಮಹಾಂತಯ್ಯನ ಕುತ್ತಿಗೆ ಎಡಕ್ಕೆ ತಿರುಗಿ, ಮುಳ್ಳು ಸಿಕ್ಕಿಕೊಂಡ ಗಡಿಯಾರದಂತೆ ನಿಂತುಬಿಟ್ಟಿತ್ತು. ಅಂಗಡಿಯಲ್ಲಿ ಬಲಗಡೆ ನಿಂತ ಗಿರಾಕಿಗಳು ‘ಅಯ್ಯಗ ಸೊಕ್ಕು ಬಂತು’ ಎಂದು ಬೈದು ಹೋಗುತ್ತಿದ್ದರು. ಜೋಳದ ಚೀಲವನ್ನು ಒಬ್ಬನೇ ಎತ್ತಿ ಒಗೆಯುವ ಗಂಡಸು ನಿಜ. ಆದರೆ ಸೂಜಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು.

ಜಗಳ ಕೇಳಿ ಪಕ್ಕದ ಮನೆಯ ಟೇಲರ್ ಅಹಮದಸಾಬ ಕರೆಯದೆಯೇ ಒಳಗೆ ಬಂದ.

“ಹೆದರಬ್ಯಾಡ್ರಿ ಅಯ್ಯಾರ. ನಾ ಮೂವತ್ತು ವರ್ಷ ಆತು ಸೂಜಿ ಚುಚ್ಚಾಕತ್ತು. ಒಂದು ಬಟ್ಟಿನರ ಅತ್ತದ್ದು ಕೇಳೀರೇನು?” ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬಾರದೇ? “ಆದ್ರ ಕೈ ಎಲ್ಲಿ ಪಳಗೇತಿ ಅಂತ ಮೊದಲ ವಿಚಾರಿಸ್ರಿ. ಹೊಸ ಕೈ ಆದ್ರ ಕಠಿಣ. ನನ್ನ ಅಂಗಡ್ಯಾಗೂ ಹೊಸ ಕೈಯವ್ರು ಎಷ್ಟು ಬಟ್ಟಿ ಹಾಳ ಮಾಡ್ಯಾರ!”

ಇಮ್ಮಡಿಯಾದ ಹೆದರಿಕೆಯ ಸಮೇತ ಮಹಾಂತಯ್ಯನನ್ನು ಅಹಮದಸಾಬ ಲೂನಾದ ಹಿಂದೆ ಹೇರಿಕೊಂಡು ಹೋಗಿ, ಟೋಲನಾಕಾದ ಹತ್ತಿರ ಇಳಿಸಿದ. “ಬರೋವಾಗ ನಡ್ಕೊಂಡ ಬರ್ರಿ. ಅಷ್ಟೊತ್ತಿಗೆ ಆರಾಮ ಆಗಿರ್ತೀರಿ,” ಎಂದು ಹೊರಟೇಹೋದ.

ಡಾಕ್ಟರ್ ಶಿವಯೋಗೀಶ ಹಿರೇಮಠ ಮೂವತ್ತೈದರ ತೆಳ್ಳನೆಯ ಮನುಷ್ಯ. ಎರಡು ಕೋಣೆಯ ಅಕ್ಯುಪಂಕ್ಚರ್ ದವಾಖಾನೆಯಲ್ಲಿ ಒಬ್ಬನೇ ಇದ್ದ. ಔಷಧದ ವಾಸನೆಯೇ ಇಲ್ಲದ ದವಾಖಾನೆ ಕಂಡು ಮಹಾಂತಯ್ಯ ಬಾಗಿಲ ಕಡೆಗೇ ಸರಿದ.

“ಮಲಗ್ರಿ ಕಾಕಾರ. ಹದಿನೇಳು ಸೂಜಿ. ಹಾಕಿದ ಮ್ಯಾಲ ಅಲ್ಲಾಡಬ್ಯಾಡ್ರಿ, ಒಳಗ ಡೊಂಕ ಆಗ್ತಾವು.”

ಮಹಾಂತಯ್ಯ ಮರದ ಹಲಗೆಯಾದ. “ನೋವು ಕುತ್ತಿಗ್ಯಾಗ ಐತಿ, ನೀವು ಕಾಲು ಹಿಡದೀರಲ್ರಿ?”

“ನೋವು ಒಳಮನ್ಯಾಗ, ಬಾಗಿಲ ಕಾಲಾಗ. ಮೈ ತನ್ನ ರಿಪೇರಿ ತಾನ ಮಾಡ್ಕೊಂತೈತ್ರಿ. ನಮ್ಮದು ಬರೇ ಬಾಗಿಲ ಬಡಿಯೋ ಕೆಲಸ.”

ಮೊದಲ ಸೂಜಿ ಇಳಿಯಿತು. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಆದರೂ ಏಳು ತಲೆಮಾರಿನ ಹಿರಿಯರು ಸಾಲಾಗಿ ನಿಂತು ‘ಬಾ’ ಎಂದು ಕೈ ಬೀಸಿದಂತಾಯಿತು.

“ಎಲ್ಲಿ ಕಲ್ತೀರಿ?” ಎಂದು ಕಿರುಚಿದ.

ಡಾಕ್ಟರನ ಕೈ ನಿಂತಿತು. ಮಾತಾಡುವಾಗ ಅವನ ಕೈ ಓಡುತ್ತಿರಲಿಲ್ಲ.

“ಬಿ.ಎಸ್ಸಿ. ಮುಗಿಸಿ ನಾಕು ವರ್ಷ ಗುಳಿಗಿ ಕಂಪನಿ ಚೀಲ ಹೊತ್ತು ಡಾಕ್ಟರುಗಳ ಬಾಗಿಲ ಕಾದ್ನಿರಿ. ಮನ್ಯಾಗ ಅಪ್ಪ ದಿನಕ್ಕ ಒಂಬತ್ತು ಗುಳಿಗಿ ನುಂಗ್ತಿದ್ದ. ಒಂದು ಬ್ಯಾನಿಗೆ, ಉಳಿದ ಎಂಟು ಆ ಒಂದು ಗುಳಿಗಿ ಮಾಡಿದ ಹಾವಳಿಗೆ. ಚೀಲ ಒಗದು ಕಲ್ಕತ್ತಾಕ್ಕ ಹೋದ್ನಿ. ಎರಡು ವರ್ಷ ಗುರುಗಳ ಕೈಯಾಗ ಕಲ್ತೆ. ಮೊದಲ ಆರು ತಿಂಗಳು ಬದನಿಕಾಯಿಗೆ ಚುಚ್ಚಿದ್ನಿ, ಆಮ್ಯಾಲ ನನ್ನ ಕಾಲಿಗೆ.”

“ಬದನಿಕಾಯಿ ಏನಾದವ್ರಿ?”

“ಪಲ್ಯ.”

ಮಹಾಂತಯ್ಯನಿಗೆ ಉಪಾಯ ಹೊಳೆದಿತ್ತು: ಪ್ರಶ್ನೆ ಇರುವತನಕ ಸೂಜಿ ಇಲ್ಲ. ಕೇಳಿದ, ಕೇಳಿದ, ಪ್ರಶ್ನೆಗಳೇ ತೀರಿಹೋದವು. ನಡುನಡುವೆ ಉಸಿರು ತೆಗೆದುಕೊಂಡಾಗಲೆಲ್ಲ ಒಂದೊಂದು ಸೂಜಿ ಇಳಿದು ಹದಿನಾರಾದವು. ಕಡೆಗೆ ನಮ್ಮ ಮಂದಿಗೆ ನಿದ್ದೆಯಲ್ಲೂ ಬಾಯಿಗೆ ಬರುವ ಪ್ರಶ್ನೆಗಳು ತಾವಾಗಿಯೇ ಹೊರಟವು.

“ಮನಿದೇವರು ಯಾರ್ರಿ? ಸ್ವಂತ ಮನಿ ಏನು? ಅಣ್ಣತಮ್ಮರ ಪಾಲು ಆಗೇತೇನು? ಗೋತ್ರ ಯಾವುದು?”

“ವೀರ ಗೋತ್ರ,” ಎಂದ ಡಾಕ್ಟರ್. ದನಿ ಯಾಕೋ ಮೆತ್ತಗಾಗಿತ್ತು.

“ನಮ್ಮದು ನಂದಿ.”

ಡಾಕ್ಟರನ ಕಣ್ಣು ತುಂಬಿದವು. “ಹನ್ನೊಂದು ಮನಿಯವ್ರು ನನ್ನ ನೋಡಿ ಹೋಗ್ಯಾರ್ರಿ. ಸೂಜಿ ಚುಚ್ಚೋ ವರ ಅಂದ ಕೂಡ್ಲೇ ಚಾ ಅರ್ಧಕ್ಕ ಬಿಟ್ಟು ಏಳ್ತಾರ. ಸೂಜಿ ಚುಚ್ಚಿಸ್ಕೊಂತನ ನನ್ನ ಮನಿತನ ವಿಚಾರಿಸಿದವರು ನೀವ ಮೊದಲ. ಹುಡುಗಿ ಏನು ಓದ್ಯಾಳ್ರಿ?”

ಮಹಾಂತಯ್ಯನಿಗಿದ್ದವರು ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಮೀಸೆ ಬಂದಿತ್ತು. ಹಾಗೆಂದು ಹೇಳಿಯೇ ಬಿಡಬೇಕೆನ್ನುವಷ್ಟರಲ್ಲಿ ಹದಿನೇಳನೆಯ ಸೂಜಿ ಹುಬ್ಬುಗಳ ನಡುವೆ ಬಂದು ನಿಂತಿತು. ಹಿಡಿದ ಕೈ ಸಂತೋಷಕ್ಕೆ ಗಡಗಡ ನಡುಗುತ್ತಿತ್ತು. ಸಂತೋಷಕ್ಕೇ ಇಷ್ಟು ನಡುಗುವ ಕೈ ಸಿಟ್ಟಿಗೆ ಏನು ಮಾಡೀತು?

“ಬಿ.ಎ.,” ಎಂದ.

“ಹೆಸರ್ರಿ?”

ಸೊಟ್ಟ ಕುತ್ತಿಗೆಗೆ ಕಾಣುತ್ತಿದ್ದುದು ಎಡಗಡೆಯ ಕಿಟಕಿಯೊಂದೇ. ಅದರಾಚೆ ರಸ್ತೆ, ಬಸ್ ಸ್ಟಾಪು, ಅಂಗಡಿಯ ಬೋರ್ಡು: ಭಾಗ್ಯಶ್ರೀ ಕಿರಾಣಿ ಸ್ಟೋರ್ಸ್.

“ಭಾಗ್ಯಶ್ರೀ.”

ಸೂಜಿ ವಿಭೂತಿ ಹಚ್ಚಿದಷ್ಟು ಹಗುರವಾಗಿ ಇಳಿಯಿತು. ಡಾಕ್ಟರ್ ಕಣ್ಣೊರೆಸಿಕೊಂಡು ಗೂಟದಲ್ಲಿದ್ದ ಇಸ್ತ್ರಿ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿದ.

“ಅಲ್ಲಾಡಬ್ಯಾಡ್ರಿ ಮಾವಾರ. ಲಗೂನ ಅವ್ವನ್ನ ಕರ್ಕೊಂಡ ಬರ್ತೀನಿ. ಮಾತು ಇವತ್ತ ಮುಗದ ಹೋಗ್ಲಿ.”

“ಅ... ಅವ್ವಾರು ಎಲ್ಲಿ ಅದಾರ?”

“ಇಲ್ಲೇ, ಹುಬ್ಬಳ್ಳಿ ಬೆಂಗೇರ್ಯಾಗ! ಬಸ್ಸಿನ್ಯಾಗ ಬರೇ ಒಂದು ತಾಸು!”

ಬಾಗಿಲು ಮುಚ್ಚಿತು. ಕೂಗಬೇಕೆಂದರೆ ಹುಬ್ಬಿನ ಸೂಜಿ ಅಲ್ಲಾಡುತ್ತದೆ. ಏಳಬೇಕೆಂದರೆ ಹದಿನಾರು ಡೊಂಕಾಗುತ್ತವೆ. ಡಾಕ್ಟರ್ ದಾಪುಗಾಲು ಹಾಕಿ ರಸ್ತೆ ದಾಟಿದ್ದು, ಹೊರಟ ಹುಬ್ಬಳ್ಳಿ ಬಸ್ಸನ್ನು ಓಡಿ ಹತ್ತಿದ್ದು ಕಿಟಕಿಯಲ್ಲಿ ಕಂಡಿತು. ಅವನು ಬರದಿದ್ದರೆ ಸೂಜಿ ಕೀಳುವವರು ಯಾರು? ಬಂದರೆ ಆ ತಾಯಿಗೆ ತೋರಿಸಲು ಹುಡುಗಿ ಎಲ್ಲಿ?

ಎಷ್ಟೋ ಹೊತ್ತಿನ ಮೇಲೆ ಹುಬ್ಬಳ್ಳಿ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಡಾಕ್ಟರ್ ಇಳಿಯಲಿ ಎಂದು ಮಹಾಂತಯ್ಯ ದೇವರಿಗೆ ಹರಕೆ ಹೊತ್ತ. ಇಳಿಯದೇ ಇರಲಿ ಎಂದು ಇನ್ನೊಂದು ಹೊತ್ತ. ಅದರ ಹಿಂದೆ ಮತ್ತೊಂದು ಬಸ್ಸು ಬಂತು, ಮಗದೊಂದು ಬಂತು.

ಅವನು ಇಳಿಯಲಿಲ್ಲ.