ಪರದೆಯ ಹಿಂದೆ ಎರಡು ಆಂಪ್ಲಿಫೈಯರ್

ಆಂಪ್ಲಿಫೈಯರ್‌ಗಳಲ್ಲಿ ಕ್ಲಾಸ್ ಎ, ಕ್ಲಾಸ್ ಬಿ, ಕ್ಲಾಸ್ ಡಿ ಅಂತೆಲ್ಲ ಇರುತ್ತವೆ ಎಂದು ಮೊದಲ ಸಲ ಕೇಳಿದಾಗ ನಾನು ಅದನ್ನು ಅಂಕಪಟ್ಟಿ ಎಂದೇ ತಿಳಿದಿದ್ದೆ. ಎ ಅಂದರೆ ತರಗತಿಗೇ ಮೊದಲು. ಡಿ ಅಂದರೆ ನಾಳೆ ಅಪ್ಪನನ್ನು ಕರೆದುಕೊಂಡು ಬಾ! ಹಾಗಾಗಿ ನನ್ನ ಬಾಮೈದ ಅಂಗೈಯಗಲದ ಕ್ಲಾಸ್ ಡಿ ಪೆಟ್ಟಿಗೆಯೊಂದನ್ನು ಉಡುಗೊರೆ ತಂದಾಗ, "ಪರವಾಗಿಲ್ಲ ಕಣೋ, ಮುಂದಿನ ಸಲ ಪಾಸಾಗಿರೋದನ್ನ ತಾ" ಎಂದು ಬೆನ್ನು ತಟ್ಟಿದ್ದೆ.

ಅವನು ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವವನು. "ಭಾವ, ಅದು ಮಾರ್ಕ್ಸ್ ಅಲ್ಲ. ಒಳಗಡೆ ಸರ್ಕ್ಯೂಟು ಕೆಲಸ ಮಾಡೋ ರೀತಿ ಅಷ್ಟೆ" ಎಂದು ನಕ್ಕ. ನನ್ನ ಹೆಂಡತಿಯೂ ನಕ್ಕಳು. ಬಾಮೈದ ಒಬ್ಬನೇ ನಕ್ಕರೆ ಸಹಿಸಬಹುದು. ಅಕ್ಕ ತಮ್ಮ ಸೇರಿ ನಕ್ಕರೆ? ಆ ಕ್ಷಣವೇ ಶಪಥ ಮಾಡಿದೆ: ಆಂಪ್ಲಿಫೈಯರ್‌ನ ದನಿಯನ್ನು ನನ್ನಷ್ಟು ಬಲ್ಲವನು ಈ ಭೂಮಂಡಲದಲ್ಲೇ ಇರಕೂಡದು!

ಸಂಬಳ ಬಂದದ್ದೇ ತಡ, ಹಳೆಯ ವಾಲ್ವ್ ಆಂಪ್ಲಿಫೈಯರೊಂದನ್ನು ಹೊತ್ತು ತಂದೆ. ನಿಜವಾಗಿಯೂ ಹೊತ್ತು, ನನ್ನ ಸೊಂಟವೇ ಸಾಕ್ಷಿ. ಅದರ ನೆತ್ತಿಯ ಮೇಲೆ ಗಾಜಿನ ಬುರುಡೆಗಳು. ಸ್ವಿಚ್ ಹಾಕಿದರೆ ಕೆಂಡದ ಹಾಗೆ ಮಿನುಗುತ್ತವೆ, ಮುಟ್ಟಿದರೆ ಕೈ ಚುರ್! ಅದರ ಭಾರ ತಾಳುವ ಮೇಜು ಮನೆಯಲ್ಲಿದ್ದದ್ದು ಒಂದೇ. ಅದರ ಮೇಲಿದ್ದ ಹೆಂಡತಿಯ ಹೊಲಿಗೆ ಮಷೀನನ್ನು ಅಡುಗೆಮನೆಯ ಮೂಲೆಗೆ ಗಡೀಪಾರು ಮಾಡಿದೆ.

"ಅಲ್ಲಿ ಹೊಲಿದ್ರೆ ರವಿಕೆ ಈರುಳ್ಳಿ ವಾಸನೆ ಹೊಡೆಯುತ್ತೆ ರೀ. ಗಿರಾಕಿಗಳು ಮೂಗು ಮುಚ್ಕೊಂಡು ವಾಪಸ್ ಕೊಡ್ತಿದ್ದಾರೆ."

"ದನಿ ಕೇಳು ಮಾರಾಯ್ತಿ! ಆ ಡಿ ಪೆಟ್ಟಿಗೆ ಹೆಡ್ ಕ್ಲರ್ಕ್ ಸುತ್ತೋಲೆ ಓದಿದ ಹಾಗೆ ಒಣ ಒಣ. ವಾಲ್ವ್ ಹಾಡಿದ್ರೆ ದನಿಯಲ್ಲಿ ಬಿಸಿಯುಸಿರು ಇರುತ್ತೆ!"

"ಬಿಸಿ ಇದೆ, ಒಪ್ಪಿದೆ. ಉಸಿರು ಎಲ್ಲಿದೆ? ಕಣ್ಣು ಮುಚ್ಕೊಂಡು ಯಾವುದು ಯಾವುದು ಅಂತ ಹೇಳಿ ನೋಡೋಣ. ತಪ್ಪಿದ್ರೆ ಮೇಜು ನನ್ನದು."

"ಸರಿಯಾದ್ರೆ?"

"ಈರುಳ್ಳಿ ಪಕ್ಕದಲ್ಲೇ ಹೊಲೀತೀನಿ. ತುಟಿ ಪಿಟಿಕ್ ಅನ್ನಲ್ಲ."

ಭಾನುವಾರ ತೀರ್ಪುಗಾರನಾಗಿ ಬಾಮೈದ ಬಂದ. ಬಂದವನೇ ಅಕ್ಕನ ಕಿವಿಯಲ್ಲಿ ಏನೋ ಉಸುರಿದ. ನನಗೆ ಅಲ್ಲೇ ಅನುಮಾನ! ಮೇಜಿನ ಮುಂದೆ ಬೆಡ್‌ಶೀಟು ಕಟ್ಟಿದರು. ಬೆಡ್‌ಶೀಟಿನ ಮೇಲೂ ಅನುಮಾನ. ಹಿಂದೆ ಮುಂದೆ ಕೊಡವಿ ನೋಡಿದೆ.

"ಭಾವ, ಎರಡರ ಸದ್ದನ್ನೂ ಮೀಟರ್ ಹಿಡಿದು ಸಮ ಮಾಡಿದೀನಿ. ಒಂಚೂರು ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ, ಕಿವಿ ಮೋಸ ಹೋಗುತ್ತೆ."

"ಮೋಸ"! ಆ ಮಾತು ಅವನ ಬಾಯಿಗೆ ಯಾಕೆ ಬಂತು? ನಾಳೆ ಇವರು ನಾನೇ ಇಣುಕಿದೆ ಅಂದುಬಿಟ್ಟರೆ? ಎಂಥ ಪತ್ತೇದಾರ ನಾನು! ನಾನೇ ಕಣ್ಣಿಗೆ ಟವೆಲ್ ಬಿಗಿದುಕೊಂಡು, ಅವರಿಗೆ ಬೆನ್ನು ಹಾಕಿ ಕೂತೆ.

ಹಿಂದೆ ದರದರ ಎಳೆದ ಸದ್ದು. "ಏನದು?"

"ಪರದೆ ಸರಿ ಮಾಡ್ತಿದೀವಿ ರೀ."

ಪರದೆಗೆ ಅಷ್ಟು ಭಾರವೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಸೂಕ್ಷ್ಮ ಕಿವಿಯವನು ಇಂಥ ಒರಟು ಸದ್ದಿಗೆಲ್ಲ ತಲೆ ಕೆಡಿಸಿಕೊಳ್ಳಬಾರದು.

ಹಾಡು ಶುರುವಾಯಿತು. "ಟಕ್" ಎಂದಿತು. ಓಹೋ, ಸ್ವಿಚ್ ಬದಲಾಯಿಸಿದರು!

"ಇದು ವಾಲ್ವ್! ನೋಡು, ಗಾಯಕಿ ಪಕ್ಕದಲ್ಲೇ ಕೂತ ಹಾಗಿದೆ!"

ಟಕ್. "ಇದು ಡಿ. ಎದ್ದು ಹೋಗಿಬಿಟ್ಟಳು, ಪಾಪ."

ಟಕ್. "ಮತ್ತೆ ವಾಲ್ವ್! ಬಂದಳು! ಆಹಾ, ಬಿಸಿಯುಸಿರು ಕುತ್ತಿಗೆಗೇ ತಾಕ್ತಿದೆ!"

ಯಾರೂ ಉಸಿರೆತ್ತಲಿಲ್ಲ. ಸೋತವರ ಮೌನ! ಮೆಲ್ಲಗೆ ಮೀಸೆ ತಿರುವಿ ಟವೆಲ್ ಬಿಚ್ಚಿ ತಿರುಗಿದೆ. ಬಾಮೈದ ಬೆಡ್‌ಶೀಟು ಸರಿಸಿದ.

ಮೇಜಿನ ಮೇಲೆ ಹೊಲಿಗೆ ಮಷೀನು! ಅದರ ಪಕ್ಕದಲ್ಲಿ ಅಂಗೈಯಗಲದ ಡಿ ಪೆಟ್ಟಿಗೆ ಒಂದೇ ಹಾಡುತ್ತಿದೆ. ನನ್ನ ವಾಲ್ವ್ ಮಾಯ! ಹೆಂಡತಿ ಕೂತು ನೆಮ್ಮದಿಯಾಗಿ ಬಟ್ಟೆ ಕತ್ತರಿಸುತ್ತಿದ್ದಾಳೆ. ಒಂದು ತೋಳು ಕತ್ತರಿಸಿ ಮುಗಿಸಿದಳು, ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಟಕ್!

"ಇದು ಮೋಸ!" ಎಂದು ಕೂಗಿದೆ.

"ಮೋಸ ಎಲ್ಲಿ ಭಾವ? ನಾವು ಬಾಯೇ ಬಿಡ್ಲಿಲ್ಲ. ಮೊದಲಿಂದ ಹಾಡಿದ್ದು ಡಿ ಒಂದೇ. ಬಿಸಿಯುಸಿರು ಬಿಟ್ಟಿದ್ದೆಲ್ಲ ನೀವು."

ಮೇಜು ಹೋಯಿತು, ಸರಿ. ಮಾನವನ್ನಾದರೂ ಸ್ವಲ್ಪ ಉಳಿಸಿಕೊಳ್ಳೋಣವೆಂದು ಕೇಳಬಾರದ್ದನ್ನು ಕೇಳಿಯೇಬಿಟ್ಟೆ.

"ನಿಜ ಹೇಳು, ನನ್ನ ವಾಲ್ವ್‌ನಿಂದ ಈ ಮನೆಗೆ ಒಂದಾದ್ರೂ ಉಪಯೋಗ ಆಗಿದ್ಯೋ ಇಲ್ವೋ?"

ಅವಳು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದಳು:

"ಆಗಿದೆ ರೀ. ಅಡುಗೆಮನೆಗೆ ಹೋಗಿ ನೋಡಿ, ಅದರ ಬಿಸಿಗೆ ನಿಮ್ಮ ಸಾಕ್ಸ್ ಒಣಗಿದೆ."