ಹರಿಹರದ ಜಿಲೇಬಿ

ದಾವಣಗೆರೆಯಲ್ಲಿ ಏನಿಲ್ಲ ಹೇಳಿ! ಹತ್ತಿ ಗಿರಣಿ ಇದೆ, ಎಣ್ಣೆ ಗಾಣ ಇದೆ, ಮಂಡಕ್ಕಿ ಭಟ್ಟಿ ಇದೆ. ಇಲ್ಲದ್ದು ಆಫ್ರಿಕಾ ಒಂದೇ. ಅದನ್ನು ನಾನು ತರುತ್ತೇನೆ, ಕೆ.ಬಿ. ಬಡಾವಣೆಯ ನಮ್ಮ ಮನೆಯ ನಡುಮನೆಯಲ್ಲೇ ಇಡುತ್ತೇನೆ ಎಂದು ಮಂಡಿಪೇಟೆಯ ಹತ್ತಿಕಾಳು, ಹಿಂಡಿ ವ್ಯಾಪಾರಿಯಾದ ಶಿವಮೂರ್ತಪ್ಪನೆಂಬ ನಾನು ಒಂದು ಸಂಜೆ ಘೋರ ಪ್ರತಿಜ್ಞೆ ಮಾಡಿದೆ!

ಪ್ರತಿಜ್ಞೆಗೆ ಕಾರಣ ಪಕ್ಕದ ಮನೆಯ ಬಕ್ಕೇಶಪ್ಪ. ಅವನು ಹೊಸದಾಗಿ ರೇಡಿಯೋ ತಂದಿದ್ದ. ಮಾಳಿಗೆಯ ಮೇಲೆ ಏರಿಯಲ್ ಕಟ್ಟಿಸಿ, ಪೆಟ್ಟಿಗೆಗೆ ಕಸೂತಿ ಬಟ್ಟೆ ಹೊದಿಸಿ, ಸಂಜೆಯಾದರೆ ಬೀದಿಗೆಲ್ಲ ಕೇಳುವಂತೆ ಸಿಲೋನ್ ಸ್ಟೇಷನ್ ಹಚ್ಚುತ್ತಿದ್ದ. ಜನವೆಲ್ಲ ಅವನ ಕಟ್ಟೆಯ ಮೇಲೆ! ಅದನ್ನಾದರೂ ಸಹಿಸಬಹುದಿತ್ತು. ಆ ಜನದಲ್ಲಿ ಮೊದಲ ಸಾಲಿನಲ್ಲಿ ಕೂತಿರುತ್ತಿದ್ದವಳು ನನ್ನ ಧರ್ಮಪತ್ನಿ ದ್ರಾಕ್ಷಾಯಣಮ್ಮ.

"ಬಕ್ಕೇಶಪ್ಪಾರ ರೇಡಿಯೋ ಎಷ್ಟು ಚಂದ ಹಾಡ್ತೈತ್ರಿ!"

"ನಾನೂ ಹಾಡ್ತೀನಲ್ಲ, ಜಳಕ ಮಾಡುವಾಗ?"

"ಅದಕ್ಕೆ ಗುಂಡಿ ಐತ್ರಿ. ತಿರುವಿದ್ರೆ ನಿಲ್ತೈತೆ."

ಹೆಸರಿನಲ್ಲಿ ದ್ರಾಕ್ಷಿ ಇದೆ ನಿಜ. ಮಾತಿನಲ್ಲಿ ಇರುವುದು ಹುಣಸೆಹಣ್ಣು!

ಹಿಂದೊಮ್ಮೆ ಬೆಂಗಳೂರಿನ ವಕೀಲರೊಬ್ಬರ ಮನೆಯಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನುಗಳು ಓಡಾಡುವುದನ್ನು ಕಂಡಿದ್ದೆ. ಕಕ್ಷಿಗಾರರೆಲ್ಲ ತಮ್ಮ ಕೇಸು ಮರೆತು ಬಾಯಿಬಿಟ್ಟು ನಿಂತಿದ್ದರು. ಅವು ಪರದೇಶದ ಮೀನು ಎಂದು ವಕೀಲರು ಹೇಳಿದಾಗಲಂತೂ ಬಿಟ್ಟ ಬಾಯಿಗಳು ಇನ್ನಷ್ಟು ಅಗಲವಾದವು. ನಮ್ಮ ನಡುಮನೆಯಲ್ಲೂ ಅಂಥದೊಂದು ಇದ್ದರೆ ಬಕ್ಕೇಶಪ್ಪನ ಕಟ್ಟೆ ಖಾಲಿ! ಆದರೆ ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮೀನು ಎಂಬ ಶಬ್ದ ಪಂಚಾಂಗದ ರಾಶಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಬಾರದು. ಮೊದಲೇ ಹೇಳಿದರೆ ದ್ರಾಕ್ಷಾಯಣಿ ಹೊಸ್ತಿಲು ದಾಟಿಸುವುದಿಲ್ಲ. ತೊಟ್ಟಿಯಲ್ಲಿ ಈಜತೊಡಗಿದ ಮೇಲೆ ತಾನೇ ಮರುಳಾಗುತ್ತಾಳೆ, ಅಲ್ಲಿಯವರೆಗೆ ಬಾಯಿ ಬಿಡಬಾರದು ಎಂದು ತೀರ್ಮಾನಿಸಿ, ಮೀನ ಮೇಷ ಎಣಿಸದೆ ಮೀನಿಗಾಗಿ ಹರಿಹರದ ಬಸ್ಸು ಹತ್ತಿದೆ.

ಹರಿಹರದಲ್ಲಿ ನನಗೆ ಪರಿಚಯದವನು ಖಾಜಾ ಹುಸೇನ್. ದೇವರ ಪಟಗಳಿಗೆ ಗಾಜು, ಕಟ್ಟು ಹಾಕುವವನು. ತೊಟ್ಟಿ ಮಾಡಲು ಒಂದೇ ಮಾತಿಗೆ ಒಪ್ಪಿದ.

"ಮೀನೂ ಬೇಕು ಸಾಹೇಬ್ರೆ. ಅಂತಿಂಥದ್ದಲ್ಲ, ಪರದೇಶದ್ದು."

"ಆಫ್ರಿಕಾದ್ದು ಆಗ್ತೈತಾ ಸಾವ್ಕಾರ್ರೆ? ಸರ್ಕಾರದೋರು ತರಿಸಿ ಬಿಟ್ಟಾರೆ. ಹೊಳೆ ದಂಡಿ ಮೇಲಿನ ಹೊಂಡದಾಗ ಬೇಕಾದಷ್ಟೈತೆ. ನಾವು ಅದಕ್ಕೆ ಜಿಲೇಬಿ ಅಂತೀವಿ."

"ಜಿಲೇಬಿ? ಯಾಕ?"

"ತಿಂದವರಿಗೆ ಗೊತ್ತಾಗ್ತೈತೆ."

"ಶಿವ ಶಿವಾ!"

"ಮಾಫ್ ಮಾಡ್ರಿ. ನೀವು ನೋಡ್ರಿ, ಸಾಕು."

ಮೊದಲು ತೊಟ್ಟಿ ಮನೆಗೆ ಬಂತು. ಜಟಕಾದಿಂದ ಇಳಿಸಿ ನಡುಮನೆಯ ಮೇಜಿನ ಮೇಲಿಟ್ಟು ಬಿಳಿ ಪಂಚೆ ಹೊದಿಸಿದೆ. ಹೊದಿಸಿದ್ದನ್ನು ಎತ್ತಿ ನೋಡದಿದ್ದರೆ ಅವಳು ನನ್ನ ಹೆಂಡತಿಯೇ ಅಲ್ಲ!

"ಏನ್ರಿ ಇದು, ಗಾಜಿನ ಪೆಟ್ಟಿಗೆ?"

"ಭಾನುವಾರ ಗೊತ್ತಾಗ್ತೈತೆ."

"ಭಾನುವಾರ ನಮ್ಮ ಅನ್ನಪೂರ್ಣನ್ನ ನೋಡಾಕೆ ಲೋಕಿಕೆರೆಯೋರು ಬರ್ತಾರೆ."

"ಅವರಿಗೇ ತೋರ್ಸಾಕೆ!"

ಅವಳು ಪೆಟ್ಟಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಮುಖ ಹೂವಿನಂತೆ ಅರಳಿತು. ಆ ದಿನ ರಾತ್ರಿ ನನ್ನ ರೊಟ್ಟಿಗೆ ಎರಡು ಬಾರಿ ಬೆಣ್ಣೆ ಬಿತ್ತು. ಯಾಕೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಲೋಕಿಕೆರೆಯ ಸಂಬಂಧ ನಮಗೆಲ್ಲ ಬಹಳ ಮನಸ್ಸಿಗೆ ಬಂದಿತ್ತು. ಮನೆತನ ಒಳ್ಳೆಯದು, ಹುಡುಗ ಶಾಂತ. ಎಲ್ಲಕ್ಕಿಂತ ಹೆಚ್ಚಾಗಿ, ಮಗಳು ಅನ್ನಪೂರ್ಣ ಹುಡುಗನ ಫೋಟೋ ನೋಡಿ ಅದನ್ನು ವಾಪಸು ಕೊಡದೆ ಇಟ್ಟುಕೊಂಡಿದ್ದಳು. ಆದರೆ ಆ ಮನೆಯಲ್ಲಿ ನಡೆಯುವುದು ಹುಡುಗನ ಅಜ್ಜಿ ಬಸವಣ್ಣೆಮ್ಮನ ಮಾತು. ಆಕೆ ಹಿಂದೊಂದು ಮನೆಯಲ್ಲಿ ಪಾಯಸ ಸಪ್ಪಗಿತ್ತೆಂದು ಹುಡುಗಿಯ ಮುಖವನ್ನೂ ನೋಡದೆ ಎದ್ದು ಬಂದವಳಂತೆ!

ಭಾನುವಾರ ಬೆಳಕು ಹರಿಯುತ್ತಲೇ ಹಿತ್ತಾಳೆ ಕೊಡ ಹಿಡಿದು ಹರಿಹರಕ್ಕೆ ಹೋದೆ. ಬೀಗರು ಬರುವುದು ಮಧ್ಯಾಹ್ನ. ಅಷ್ಟರಲ್ಲಿ ಮೀನು ತಂದು, ತೊಟ್ಟಿ ತುಂಬಿಸಿ, ಆಫ್ರಿಕಾ ಖಂಡವನ್ನು ಅನಾವರಣ ಮಾಡುವುದು ನನ್ನ ಯೋಜನೆ. ಆದರೆ ಖಾಜಾ ಹುಸೇನ್ ಎಷ್ಟು ಬಾರಿ ಬಲೆ ಬೀಸಿದರೂ ಬಂದದ್ದು ಪಾಚಿ, ಒಮ್ಮೆ ಯಾರದೋ ಚಪ್ಪಲಿ. ಹೊತ್ತು ಏರತೊಡಗಿತು. ಅಷ್ಟರಲ್ಲಿ ನಮ್ಮ ಅಂಗಡಿಗೆ ಮೂಟೆ ಸಾಗಿಸುವ ಲಾರಿಯ ಡ್ರೈವರ್ ಸಿಕಂದರ್ ಹೊಳೆಯ ಹತ್ತಿರ ಸಿಕ್ಕ.

"ನಮ್ಮ ಮನೆಯಾಗ ಹೇಳಪ್ಪ, ಬರೋದು ಸ್ವಲ್ಪ ತಡ ಆಗ್ತೈತೆ ಅಂತ."

ಸಿಕಂದರ್ ನಿಷ್ಠಾವಂತ. ಹೇಳಿದ್ದನ್ನು ಹೇಳಿದ. ಕಣ್ಣಾರೆ ಕಂಡದ್ದನ್ನೂ ತನ್ನ ಕಡೆಯಿಂದ ಸೇರಿಸಿದ: "ಸಾವ್ಕಾರ್ರು ಜಿಲೇಬಿ ಸಲುವಾಗಿ ಕಾಯ್ತಾ ನಿಂತಾರೆ ಅಮ್ಮಾರೆ. ತಾಜಾ ತರ್ತಾರೆ!"

ಸಿಕಂದರನ ಮನೆಯಲ್ಲಿ ಜಿಲೇಬಿ ಎಂದರೆ ಈಜುವುದು. ನಮ್ಮ ಮನೆಯಲ್ಲಿ ಜಿಲೇಬಿ ಎಂದರೆ ಪಾಕದಲ್ಲಿ ಮುಳುಗುವುದು!

ಇದೊಂದೂ ತಿಳಿಯದ ನಾನು ಕಡೆಗೂ ಸಿಕ್ಕ ನಾಲ್ಕು ಮೀನುಗಳನ್ನು ಕೊಡಕ್ಕೆ ಹಾಕಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಕೊಡವನ್ನೇ ನೋಡುತ್ತಿದ್ದ.

"ಏನ್ರಿ ಸಾವ್ಕಾರ್ರೆ ಅದು?"

ಬಸ್ಸಿನ ತುಂಬ ಪರಿಚಯದ ಮುಖಗಳು. ಮೀನು ಎನ್ನಲು ನಾಲಿಗೆ ಏಳಲಿಲ್ಲ. "ಜಿಲೇಬಿ" ಎಂದೆ.

"ಪಾಕ ಭಾಳ ತೆಳ್ಳಗಾಗೈತೆ ನೋಡ್ರಿ. ನಿಮ್ಮ ಪಂಚೆಯೆಲ್ಲ ತೊಯ್ದೈತೆ!"

ಮನೆ ಮುಟ್ಟಿದಾಗ ಬಾಗಿಲಲ್ಲಿ ಆಗಲೇ ಬೀಗರ ಚಪ್ಪಲಿಗಳಿದ್ದವು. ನಡುಮನೆಯ ಜಮಖಾನೆಯ ಮೇಲೆ ಬಸವಣ್ಣೆಮ್ಮ ಕೂತಿದ್ದಳು, ಪಕ್ಕದಲ್ಲಿ ತಲೆ ತಗ್ಗಿಸಿದ ಮೊಮ್ಮಗ. ಎದುರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳು. ಅಜ್ಜಿ ಒಂದು ಬಜ್ಜಿ ಕಚ್ಚಿ, ಖಾರಕ್ಕೆ ಕಣ್ಣೀರು ಸುರಿಸುತ್ತಾ, "ಸಿಹಿ ಏನೂ ಇಲ್ಲೇನವ್ವ?" ಎನ್ನುತ್ತಿದ್ದಳು. ನನ್ನನ್ನು ಕಂಡದ್ದೇ ದ್ರಾಕ್ಷಾಯಣಿ ಹಿಗ್ಗಿ ಹೀರೆಕಾಯಿಯಾದಳು.

"ಬಂತು ನೋಡ್ರಿ ಅತ್ತೆರೆ, ಹರಿಹರದ ಜಿಲೇಬಿ! ಮನೆಯಾಗ ಹೋಳಿಗೆ ಮಾಡೋಳಿದ್ದೆ. ಇವರೇ ಹೋಗಿ ತರ್ತಾರೆ ಅಂತ ಬಿಟ್ಟೆ. ಇಡಾಕೆ ಮಿಠಾಯಿ ಅಂಗಡ್ಯಾಗಿನಂಥ ಗಾಜಿನ ಪೆಟ್ಟಿಗೆ ಸೈತ ಮಾಡ್ಸ್ಯಾರೆ! ಮಗಳು ಅಂದ್ರೆ ಅಷ್ಟು ಜೀವ."

ಪಂಚೆ ಸರಿಸಿದಳು. ನನ್ನ ತೊಟ್ಟಿಯ ತಳಕ್ಕೆ ಬಾಳೆಲೆ ಹಾಸಿ, ಪಕ್ಕದಲ್ಲೊಂದು ಚಿಮಟ ಇಟ್ಟಿದ್ದಳು! ಬೆಣ್ಣೆ ಯಾಕೆ ಬಿತ್ತೆಂದು ನನಗೆ ಆ ಕ್ಷಣ ಹೊಳೆಯಿತು. ಸಂಸಾರದಲ್ಲಿ ಮೊದಲ ಬಾರಿಗೆ ಗಂಡ ಮನೆಯ ಕಾರ್ಯಕ್ಕೆ ತಾನಾಗಿ ಮುಂದಾದನೆಂದು ಅವಳು ಎಷ್ಟು ಸಂತೋಷಪಟ್ಟಿದ್ದಳೋ! ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ದ್ರಾಕ್ಷಾಯಣಿ, ಬ್ಯಾಡ! ಬಟ್ಟೆ ಬಿಚ್ಚಬ್ಯಾಡ!"

"ಯಾಕ್ರಿ, ಆರಿ ಹೋಗ್ತೈತಲ್ಲ!"

ಬಿಚ್ಚಿಯೇ ಬಿಟ್ಟಳು. ಕೊಡದೊಳಗಿಂದ ಒಂದು ಮೀನು ಚಿಮ್ಮಿತು! ಗಾಳಿಯಲ್ಲಿ ಒಂದು ಲಾಗ ಹಾಕಿ ನೇರ ಬಸವಣ್ಣೆಮ್ಮನ ತಟ್ಟೆಗೇ ಬಿತ್ತು. ಮಂಡಕ್ಕಿಯ ಮಳೆಯಾಯಿತು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮುದುಕಿಯ ತಟ್ಟೆಯಲ್ಲಿ ಜೀವಂತ ಮೀನು ಪಟಪಟ ಬಡಿದುಕೊಳ್ಳುತ್ತಿದೆ! ದ್ರಾಕ್ಷಾಯಣಿ ಕಿಟಾರನೆ ಕಿರುಚಿ ಕಂಬದ ಹಿಂದೆ ನಿಂತಳು. ನಾನು? ಆಫ್ರಿಕಾವನ್ನು ಗೆದ್ದು ತಂದ ವೀರನಾದ ನಾನು ಬೆಂಚಿನ ಮೇಲೆ ಹತ್ತಿದ್ದೆ. ಮೀನನ್ನು ನಾನೂ ಎಂದೂ ಮುಟ್ಟಿರಲಿಲ್ಲ, ನೋಡಿ!

"ಏನಪ್ಪ ಇದು?" ಎಂದಳು ಅಜ್ಜಿ.

"ಜಿ... ಜಿಲೇಬಿ. ಹರಿಹರದ್ದು."

"ನಮ್ಮ ಕಡೆ ಜಿಲೇಬಿ ಇಷ್ಟು ಜಿಗಿಯಂಗಿಲ್ಲಪ್ಪ." ಸೆರಗು ಕೊಡವಿ ಎದ್ದಳು. "ಏಳೋ ಮಗಾ. ಹೋಗಾಣ."

ಅಜ್ಜಿ ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದಳು. ಒಂದು ರೇಡಿಯೋದ ಹೊಟ್ಟೆಕಿಚ್ಚಿಗೆ ಮಗಳ ಬಾಳಿಗೇ ಕಲ್ಲು ಹಾಕಿದೆನಲ್ಲ!

ಆಗ ಅಡುಗೆಮನೆಯ ಬಾಗಿಲಿನಿಂದ ಅನ್ನಪೂರ್ಣ ಓಡಿ ಬಂದಳು. ತಲೆ ತಗ್ಗಿಸಿ, ಮೆಲ್ಲಗೆ ಹೆಜ್ಜೆಯಿಟ್ಟು, ಎಲೆ ಅಡಿಕೆ ತಟ್ಟೆ ಹಿಡಿದು ಬರಬೇಕಾದ ಹುಡುಗಿ! "ಅಯ್ಯೋ, ಸಾಯ್ತೈತಲ್ಲ!" ಎನ್ನುತ್ತಾ ತಟ್ಟೆಯ ಸಮೇತ ಮೀನನ್ನೆತ್ತಿ ತೊಟ್ಟಿಗೆ ಹಾಕಿದಳು. ನೀರು? ಅದನ್ನು ಯಾರೂ ಹೇಳಬೇಕಾಗಲಿಲ್ಲ. ತಲೆ ತಗ್ಗಿಸಿ ಕೂತಿದ್ದ ಹುಡುಗ ಎದ್ದು, ಕೊಡವನ್ನೆತ್ತಿ, ಉಳಿದ ಮೀನುಗಳ ಸಮೇತ ತೊಟ್ಟಿಗೆ ಸುರಿದ. ಆಮೇಲೆ ಇಬ್ಬರೂ ಸೇರಿ ಹಿತ್ತಲ ಬಾವಿಯಿಂದ ಬಿಂದಿಗೆ ಬಿಂದಿಗೆ ನೀರು ತಂದು ತುಂಬಿದರು. ಬಾಳೆಲೆ ತೇಲಿತು, ಮಂಡಕ್ಕಿ ತೇಲಿತು. ಒಬ್ಬರು ಈ ಕಡೆಯಿಂದ, ಒಬ್ಬರು ಆ ಕಡೆಯಿಂದ ಬಗ್ಗಿ ಗಾಜಿನೊಳಗೆ ನೋಡಿದರು. ಮೀನನ್ನು ನೋಡಿದರೋ, ಮೀನಿನಾಚೆ ನೋಡಿದರೋ, ನಾನು ಬೆಂಚಿನ ಮೇಲಿದ್ದುದರಿಂದ ಸರಿಯಾಗಿ ಹೇಳಲಾರೆ!

"ಅಜ್ಜಿ, ಬರ್ರಿ ಇಲ್ಲಿ!" ಅನ್ನಪೂರ್ಣ ಕೂಗಿದಳು. "ಇದರ ಬಾಯಾಗಿಂದ ಮರಿ ಬರಾಕತ್ಯಾವೆ!"

ನಿಜ! ಎಲೆ ಅಡಿಕೆ ತುಂಬಿಕೊಂಡವರಂತೆ ಗಲ್ಲ ಉಬ್ಬಿಸಿದ್ದ ಮೀನೊಂದು ಬಾಯಿ ತೆರೆಯಿತು. ಒಳಗಿನಿಂದ ಎಳ್ಳುಕಾಳಿನಂಥ ಕಣ್ಣುಗಳ ಪುಟ್ಟ ಮರಿಗಳು ಒಂದರ ಹಿಂದೊಂದು ಹೊರಗೆ ಬಂದವು. ಅಜ್ಜಿ ಒಂಟಿ ಚಪ್ಪಲಿಯಲ್ಲೇ ಮರಳಿ ಬಂದಳು.

ಅದೇ ಹೊತ್ತಿಗೆ, ಕಿರುಚಾಟ ಕೇಳಿ ಬಕ್ಕೇಶಪ್ಪ ಒಳನುಗ್ಗಿದ.

"ಏನೋ ಶಿವಮೂರ್ತಿ ಇದು, ಮೀನಾ?" ಎಂದು ಗಾಜಿನ ಮೇಲೆ ಟಕಟಕ ಬಡಿದ. ತಾಯಿಮೀನು ಬಾಯಿ ತೆರೆಯಿತು. ಮರಿಗಳೆಲ್ಲ ಒಳಗೆ ಹೋದವು. ಬಾಯಿ ಮುಚ್ಚಿತು.

"ಅಯ್ಯಯ್ಯೋ, ಹಡೆದ ಮಕ್ಳನ್ನೇ ತಿಂದುಬಿಡ್ತು!" ಎಂದು ನಾನು ಬೆಂಚಿನ ಮೇಲಿಂದ ಅರಚಿದೆ. ಸುಮ್ಮನಿರಬಾರದಿತ್ತೇ!

ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. "ಶಿವನೇ! ಶುಭ ಕಾರ್ಯದ ಮನೆಯಾಗ ಎಂಥಾ ಮಾತು!"

"ತಿಂದಿಲ್ಲಜ್ಜಿ" ಎಂದಳು ಅನ್ನಪೂರ್ಣ. "ಬೆದರಿ ತಾಯಿ ಬಾಯಾಗ ಹೊಕ್ಕಾವೆ. ಎಲ್ರೂ ಸುಮ್ಮನಿರ್ರಿ. ಅಪ್ಪಾಜಿ, ನೀವೂ."

ನಡುಮನೆ ಉಸಿರು ಹಿಡಿದು ನಿಂತಿತು. ತುಸು ಹೊತ್ತಿಗೆ ಮೀನಿನ ಬಾಯಿ ತೆರೆಯಿತು. ಮೊದಲು ಒಂದು ಮರಿ ಇಣುಕಿ ನೋಡಿತು. ಆಮೇಲೆ ಎಲ್ಲವೂ ಬಂದವು.

ಬಸವಣ್ಣೆಮ್ಮ ತೊಟ್ಟಿಯ ಮುಂದೆ ಹಾಗೇ ಕುಸಿದು ಕೂತಳು. ಆಮೇಲೆ ಮೊಮ್ಮಗನ ಕೈ ಹಿಡಿದು, "ಇವನ ತಾಯಿ ಹೋದಾಗ ಇವನು ಅಂಗೈಯಷ್ಟಿದ್ದ. ನಾನೂ ಹಿಂಗೇ ಬೆಳೆಸಿದೆನವ್ವ, ಯಾರಾದ್ರೂ ಜೋರಾಗಿ ಕೆಮ್ಮಿದ್ರೆ ಸೆರಗಿನಾಗ ಬಚ್ಚಿಡ್ತಿದ್ದೆ" ಎಂದಳು. ಈ ಬಾರಿ ಕಣ್ಣೀರು ಬಂದದ್ದು ಬಜ್ಜಿಯ ಖಾರಕ್ಕಲ್ಲ. ಅನ್ನಪೂರ್ಣನ ಗಲ್ಲ ಸವರಿ, "ಜೀವದ ಮೇಲೆ ಕರುಳು ಐತೆ ಈ ಕೂಸಿಗೆ. ನಮ್ಮ ಮನೆಗೆ ಇದೇ ಬೇಕು. ಬಾಯಿ ಸಿಹಿ ಮಾಡ್ರಿ!" ಎಂದಳು.

ಬಾಯಿ ಸಿಹಿ! ಸಂತೋಷಕ್ಕೆ ಬೆಂಚಿನಿಂದ ಜಿಗಿದವನು ಅಲ್ಲೇ ನಿಂತೆ. ಮನೆಯಲ್ಲಿ ಸಿಹಿ ಎಲ್ಲಿದೆ! ನಾನು ದ್ರಾಕ್ಷಾಯಣಿಯ ಮುಖ ನೋಡಿದೆ, ದ್ರಾಕ್ಷಾಯಣಿ ನನ್ನನ್ನು ನುಂಗುವಂತೆ ನೋಡಿದಳು. ಇವಳ ಬಾಯಿಗೆ ಹೋದರೆ ವಾಪಸು ಬರುವುದಿಲ್ಲ!

ನಮ್ಮ ಮಾನ ಉಳಿಸಿದವನು ಬಕ್ಕೇಶಪ್ಪ. ಹೌದು, ಅದೇ ಬಕ್ಕೇಶಪ್ಪ! ಸೈಕಲ್ ಹತ್ತಿ ಮಂಡಿಪೇಟೆಗೆ ಹೋಗಿ ಪೊಟ್ಟಣ ತುಂಬ ಬಿಸಿ ಜಿಲೇಬಿ ತಂದ. ತನ್ನ ಮನೆಯ ರೇಡಿಯೋವನ್ನೂ ದೊಡ್ಡದಾಗಿ ಹಚ್ಚಿದ. ಅದರಲ್ಲಿ ಯಾವುದೋ ಮದುವೆಮನೆಯಂಥ ಶಹನಾಯಿ ಬರುತ್ತಿತ್ತು. ಸತ್ಯವಾಗಿ ಹೇಳುತ್ತೇನೆ, ಬಹಳ ಚಂದ ಇತ್ತು.

ಹೊರಡುವಾಗ ಬಸವಣ್ಣೆಮ್ಮ ಎರಡೂ ಚಪ್ಪಲಿ ಮೆಟ್ಟಿ, ಒಂದೇ ಒಂದು ಬೇಡಿಕೆ ಇಟ್ಟಳು.

"ವರೋಪಚಾರ ಏನೂ ಬ್ಯಾಡಪ್ಪ. ಹುಡುಗಿ ಜೊತೆ ಆ ಜಿಲೇಬಿ ಪೆಟ್ಟಿಗೀನೂ ಲೋಕಿಕೆರೆಗೆ ಕಳಿಸಿಬಿಡು."

ಆಫ್ರಿಕಾ ನಮ್ಮ ಮನೆಯಲ್ಲಿ ಮೂರು ತಾಸು ಕೂಡ ನಿಂತಿರಲಿಲ್ಲ, ಆಗಲೇ ಕೈಬಿಟ್ಟು ಹೋಯಿತು! ಬೀಗರು ಹೋದ ಮೇಲೆ ನಾನು, ದ್ರಾಕ್ಷಾಯಣಿ ತೊಟ್ಟಿಯ ಮುಂದೆ ಕೂತೆವು. ತಾಯಿಮೀನು ಮರಿಗಳನ್ನು ಮೇಯಲು ಬಿಟ್ಟು ಸುತ್ತ ತಿರುಗುತ್ತಿತ್ತು. ದ್ರಾಕ್ಷಾಯಣಿಯ ಸಿಟ್ಟು ಇಳಿದಂತೆ ಕಂಡಿತು. ನನಗೆ ಧೈರ್ಯ ಬಂತು.

"ನೋಡಿದೆಯಾ, ನನ್ನ ಮೀನಿನಿಂದಲೇ ಸಂಬಂಧ ಕುದುರಿತು!"

"ನೋಡಿದೆ. ಹರಿಹರದಾಗ ಏನು ತರ್ತೀನಿ ಅಂತ ಹೇಳಾಕೆ ಬಾಯಿ ಬಿಡ್ಲಿಲ್ಲ. ಬೀಗರ ಮುಂದೆ ಮುಚ್ಕೊಂಡಿರಬೇಕಾದ ಹೊತ್ತಿನಾಗ ಮಕ್ಳನ್ನ ತಿಂತು ಅಂತ ಅರಚಿದ್ರಿ. ಬಾಯಿ ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ಒಂದು ಮೀನಿಗೆ ಗೊತ್ತೈತ್ರಿ!"

ಉತ್ತರ ಕೊಡಲು ಬಾಯಿ ತೆರೆದೆ. ಪೊಟ್ಟಣದಲ್ಲಿ ಉಳಿದಿದ್ದ ಕೊನೆಯ ಜಿಲೇಬಿಯನ್ನು ಅದರೊಳಗೆ ತುರುಕಿ, ಅವಳು ಎದ್ದು ಬಕ್ಕೇಶಪ್ಪನ ಕಟ್ಟೆಗೆ ರೇಡಿಯೋ ಕೇಳಲು ಹೋದಳು.